‘ಸಹಕರಿಸುತ್ತಿಲ್ಲ’ ಎಂದು ಬರೆದಿದ್ದ ಪತ್ರ: ಸೆರೆಬ್ರಲ್ ಪಾಲ್ಸಿ ಇರುವ ಹದಿಹರೆಯದ ಹುಡುಗಿಯೊಬ್ಬಳ ಪುನಶ್ಚೇತನ

ಹುಡುಗಿ ನಮ್ಮ ಪುನಶ್ಚೇತನ ವಿಭಾಗಕ್ಕೆ ಬಂದಾಗ ಆಕೆಗೆ 16 ವರ್ಷ. ಆಕೆಗಿದ್ದುದು ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗಾದ ಗಾಯದಿಂದ ಚಲನೆಗೆ ಬರುವ ತೊಡಕು. ಜೊತೆಗೆ ತಂದಿದ್ದ ಪತ್ರದಲ್ಲಿ ಎರಡೇ ಸಾಲುಗಳಿದ್ದವು: ನಡಿಗೆ ಕ್ಷೀಣಿಸುತ್ತಿದೆ, ವ್ಯಾಯಾಮಕ್ಕೆ ಸಹಕರಿಸುತ್ತಿಲ್ಲ. ಮೊದಲನೆಯ ಸಾಲು ನಿಜವೆಂಬುದು ಆಕೆ ಬಾಗಿಲಿನಿಂದ ಕುರ್ಚಿಯವರೆಗೆ ವಾಕರ್ ಹಿಡಿದು ಬರುವಷ್ಟರಲ್ಲೇ ಗೊತ್ತಾಯಿತು. ಎರಡನೆಯ ಸಾಲು ಎಷ್ಟು ನಿಜ ಎಂದು ತಿಳಿಯಲು ನಮಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಇದು ಒಬ್ಬಳೇ ವ್ಯಕ್ತಿಯ ಕಡತವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇದೇ ಬಗೆಯ ತೊಂದರೆಯಿರುವ ಹಲವರ ವಿಷಯದಲ್ಲಿ ಕಂಡುಬರುವ ಸಂಗತಿಗಳನ್ನು ಗುರುತು ಹತ್ತದಂತೆ ಒಬ್ಬಳ ಪ್ರಕರಣವಾಗಿ ಹೆಣೆಯಲಾಗಿದೆ. ಇಲ್ಲಿ ಬರುವ ಅಳತೆಗಳನ್ನೂ ಹಾಗೆಯೇ ಓದಿಕೊಳ್ಳಬೇಕು.

ಹಿನ್ನೆಲೆ

ಆಕೆ ಗರ್ಭದ 30ನೇ ವಾರದಲ್ಲೇ ಹುಟ್ಟಿದವಳು. ಅವಧಿಗೆ ಮುನ್ನ ಹುಟ್ಟುವ ಶಿಶುಗಳಲ್ಲಿ ಮಿದುಳಿನೊಳಗಿನ ದ್ರವಕೋಶಗಳ ಅಂಚಿನ ಬಿಳಿಯ ಅಂಗಾಂಶ ಬಹಳ ನಾಜೂಕಾಗಿರುತ್ತದೆ; ರಕ್ತದ ಪೂರೈಕೆ ತುಸು ಏರುಪೇರಾದರೂ ಅಲ್ಲಿ ಗಾಯವಾಗಬಹುದು. ಕಾಲುಗಳಿಗೆ ಸಂದೇಶ ಒಯ್ಯುವ ನರತಂತುಗಳು ಆ ಅಂಚಿಗೆ ತೀರ ಹತ್ತಿರದಲ್ಲಿಯೂ ಕೈ ಮತ್ತು ಮುಖದ ತಂತುಗಳು ಸ್ವಲ್ಪ ದೂರದಲ್ಲಿಯೂ ಹಾದುಹೋಗುವುದರಿಂದ, ಇಂಥ ಗಾಯದ ಪೆಟ್ಟು ಕಾಲುಗಳಿಗೇ ಹೆಚ್ಚಾಗಿ ಬೀಳುತ್ತದೆ. ಈಕೆಗೆ ಎರಡೂ ಕಾಲುಗಳಲ್ಲಿ ಬಿಗಿತ, ಬಲಗೈಯಲ್ಲಿ ಅಲ್ಪ ತೊಡಕು ಮತ್ತು ಮಾತಿನಲ್ಲಿ ನಿಧಾನ ಇದ್ದವು. ಬುದ್ಧಿಶಕ್ತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಿದುಳಿನ ಆ ಗಾಯ ಬೆಳೆಯುವಂಥದ್ದಲ್ಲ, ಮಾಯುವಂಥದ್ದೂ ಅಲ್ಲ. ಆದರೆ ಅದರ ಮೇಲೆ ಬೆಳೆಯುವ ದೇಹ ಬದಲಾಗುತ್ತಲೇ ಇರುತ್ತದೆ, ಮತ್ತು ಹದಿಹರೆಯದಲ್ಲಿ ಆ ಬದಲಾವಣೆ ಬಲು ವೇಗವಾಗಿ ನಡೆಯುತ್ತದೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಪಲಿಸಾನೊ, ಪೀಟರ್ ರೋಸೆನ್‌ಬಾಮ್ ಮತ್ತು ಸಂಗಡಿಗರು 1997ರಲ್ಲಿ ರೂಪಿಸಿದ ಜಿಎಂಎಫ್‌ಸಿಎಸ್ ಎಂಬ, ಚಲನೆಯ ಸಾಮರ್ಥ್ಯದ ವರ್ಗೀಕರಣದಲ್ಲಿ 1ರಿಂದ (ತೊಡಕು ಅತಿ ಕಡಿಮೆ) 5ರವರೆಗೆ (ಅತಿ ಹೆಚ್ಚು) ಐದು ಹಂತಗಳಿವೆ. ಈಕೆ 3ನೇ ಹಂತದವಳು, ಅಂದರೆ ಕೈಯಲ್ಲಿ ಹಿಡಿಯುವ ಸಾಧನದ ನೆರವಿನಿಂದ ನಡೆಯಬಲ್ಲವಳು. ಹಿಂದಿನ ಕಡತದ ಪ್ರತಿ ಪುಟದ ಮೇಲ್ಭಾಗದಲ್ಲೂ ಈ ‘3’ ಎಂಬ ಅಂಕಿ ಇತ್ತು. ಅದೇ ವರ್ಗೀಕರಣವನ್ನು 2007ರಲ್ಲಿ ಪರಿಷ್ಕರಿಸಿ 12ರಿಂದ 18 ವರ್ಷದವರಿಗೆ ಪ್ರತ್ಯೇಕ ವಿವರಣೆ ಸೇರಿಸಿದಾಗ, ಈ ಹಂತದ ಹದಿಹರೆಯದವರು ಶಾಲೆಯಲ್ಲಿ ಗಾಲಿಕುರ್ಚಿ ಬಳಸಬಹುದು, ಹೊರಗಿನ ಓಡಾಟಕ್ಕೂ ಅದನ್ನೇ ಅವಲಂಬಿಸಬಹುದು, ಓಡಾಟದ ವಿಧಾನ ಸುತ್ತಲಿನ ಪರಿಸರ ಮತ್ತು ಅವರವರ ಇಚ್ಛೆಗೆ ತಕ್ಕಂತೆ ಬದಲಾಗುತ್ತದೆ ಎಂದು ಸ್ಪಷ್ಟವಾಗಿ ಬರೆಯಲಾಗಿತ್ತು. ಅಂಕಿಯನ್ನು ಎಲ್ಲರೂ ಬಳಸಿದ್ದರು. ಅದರ ಕೆಳಗಿನ ವಿವರಣೆಯನ್ನು ಯಾರೂ ಆಕೆಯ ಮುಂದೆ ಓದಿರಲಿಲ್ಲ.

ಮೂರನೆಯ ವರ್ಷದಿಂದ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಬಿಗಿದ ಸ್ನಾಯುಗಳನ್ನು ಸಡಿಲಿಸಲು ಮೂರು ಸಲ ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದು, 9ನೇ ವಯಸ್ಸಿನಲ್ಲಿ ಮೀನಖಂಡದ ಸ್ನಾಯುವನ್ನು ಉದ್ದಗೊಳಿಸುವ ಶಸ್ತ್ರಚಿಕಿತ್ಸೆ, ಕಾಲನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟು. ಕುಟುಂಬ ಒಂದು ದಿನವೂ ತಪ್ಪಿಸಿರಲಿಲ್ಲ. 13ರ ಹೊತ್ತಿಗೆ ಆಕೆ ಒಮ್ಮೆಲೇ ಎತ್ತರ ಬೆಳೆದಳು. ಮೂಳೆ ಬೆಳೆದಷ್ಟು ವೇಗವಾಗಿ ಬಿಗಿದ ಸ್ನಾಯು ಉದ್ದವಾಗಲಿಲ್ಲ, ದೇಹದ ತೂಕ ಏರಿತು, ಮೊಣಕಾಲುಗಳು ಮಡಚಿಕೊಂಡೇ ನಿಲ್ಲತೊಡಗಿದವು. ನಮ್ಮಲ್ಲಿಗೆ ಬಂದಾಗ ಎರಡೂ ಮೊಣಕಾಲುಗಳು ಪೂರ್ತಿ ನೇರವಾಗಲು 10 ಡಿಗ್ರಿ ಕಡಿಮೆ ಬೀಳುತ್ತಿತ್ತು. ಸೊಂಟದ ಎಕ್ಸ್‌ರೇಯಲ್ಲಿ ಎಡ ತೊಡೆಮೂಳೆಯ ತಲೆ ಗುಳಿಯಿಂದ ಶೇ 28ರಷ್ಟು ಹೊರಸರಿದಿತ್ತು. ಶೇ 30 ದಾಟಿದರೆ ಕೀಲು ಸರಿಯುತ್ತಿದೆ ಎಂದು ಎಣಿಸುವುದರಿಂದ, ಇದು ನಿಗಾ ಇಡಬೇಕಾದ ಅಳತೆ.

ತಾಯಿಯನ್ನೇ ಕೇಳುವ ರೂಢಿ

ಮೊದಲ ಭೇಟಿಯಲ್ಲಿ ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ದಾಖಲಿಸಬೇಕು. ಹುಡುಗಿ ಎದುರಿಗೇ ಕುಳಿತಿದ್ದರೂ “ಇವಳಿಗೆ ಮೊಣಕಾಲು ನೋಯುತ್ತದೆಯೇ?” ಎಂದು ತಾಯಿಯನ್ನು ಕೇಳಿದೆ. ತಾಯಿ “ಇಲ್ಲ, ನೋವು ಅಂತ ಏನೂ ಹೇಳುವುದಿಲ್ಲ” ಎಂದರು. ಆಕೆಯ ಮಾತು ನಿಧಾನ. ಒಂದು ವಾಕ್ಯ ಮುಗಿಸಲು ಬೇರೆಯವರಿಗಿಂತ ಎರಡು ಪಟ್ಟು ಸಮಯ ಬೇಕು. ಆ ಸಮಯ ಕೊಡದೆ ಪ್ರಶ್ನೆಯನ್ನು ಪಕ್ಕದ ಕುರ್ಚಿಗೆ ತಿರುಗಿಸುವುದು ನಮ್ಮ ವೃತ್ತಿಯಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಹಾಗೆ ಮಾಡುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ‘ಇವಳು’ ಎಂಬ ಸರ್ವನಾಮವೊಂದೇ ಸಾಕು, ಎದುರಿಗಿರುವವಳನ್ನು ಮಾತಿನಿಂದ ಹೊರಗಿಡಲು. ಯುರೋಪಿನ ಹಲವು ದೇಶಗಳಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 13ರಿಂದ 17 ವರ್ಷದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ಉತ್ತರವನ್ನು ತಾವೇ ಕೊಟ್ಟವರ ಪೈಕಿ ಸುಮಾರು ನಾಲ್ವರಲ್ಲಿ ಮೂವರು ಹಿಂದಿನ ವಾರದಲ್ಲಿ ನೋವು ಅನುಭವಿಸಿದ್ದಾಗಿ ತಿಳಿಸಿದ್ದರು. ಅದನ್ನು ಓದಿಯೂ ನಾನು ತಾಯಿಯನ್ನೇ ಕೇಳಿದ್ದೆ.

ಎರಡನೆಯ ಭೇಟಿಯನ್ನು ಬೇರೆ ರೀತಿಯಲ್ಲಿ ಯೋಜಿಸಲಾಯಿತು. ಹೆತ್ತವರೊಂದಿಗೆ 20 ನಿಮಿಷ ಮಾತನಾಡಿದ ಮೇಲೆ, ಅವರ ಒಪ್ಪಿಗೆಯಿಂದಲೇ, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರು) ಹುಡುಗಿಯೊಂದಿಗೆ ಮಾತ್ರ 40 ನಿಮಿಷ ಕುಳಿತರು. “ನಿನ್ನ ಗುರಿ ಏನು?” ಎಂಬ ಪ್ರಶ್ನೆಗೆ “ಗೊತ್ತಿಲ್ಲ” ಎಂಬ ಉತ್ತರ ಬಂತು. ಹತ್ತು ಹದಿಮೂರು ವರ್ಷ ಬೇರೆಯವರು ಇಟ್ಟ ಗುರಿಗಳ ನಡುವೆ ಬೆಳೆದವಳಿಂದ ಇನ್ನೆಂಥ ಉತ್ತರ ನಿರೀಕ್ಷಿಸಬಹುದು? ಥೆರಪಿಸ್ಟ್ ಪ್ರಶ್ನೆಯನ್ನೇ ಬದಲಿಸಿದರು. ನಿನ್ನೆ ಬೆಳಿಗ್ಗೆ ಎದ್ದ ಗಳಿಗೆಯಿಂದ ರಾತ್ರಿ ಮಲಗುವವರೆಗೆ ಏನೇನಾಯಿತೋ ಒಂದೊಂದಾಗಿ ಹೇಳು ಎಂದರು. ಮಧ್ಯೆ ಬಾಯಿ ಹಾಕಲಿಲ್ಲ.

ಆ ದಿನಚರಿಯಲ್ಲಿ ಒಂದು ನೀರಿನ ಬಾಟಲಿ ಬಂತು. ಬೆಳಿಗ್ಗೆ ತಾಯಿ ಅದನ್ನು ತುಂಬಿ ಚೀಲದಲ್ಲಿ ಇಡುತ್ತಾರೆ; ಸಂಜೆಯವರೆಗೂ ಬಾಟಲಿ ತುಂಬಿದಂತೆಯೇ ಇರುತ್ತದೆ. ಮನೆಯ ಗೇಟು ಸೇರುವ ಮೊದಲು ಅರ್ಧ ನೀರನ್ನು ಆಕೆ ಚೆಲ್ಲಿಬಿಡುತ್ತಾಳೆ. ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಕಾಲೇಜಿನ ಶೌಚಾಲಯದಲ್ಲಿ ಒಬ್ಬಳಿಗೇ ಆಗುವುದಿಲ್ಲ. ಗೆಳತಿಯರನ್ನು ಕೇಳಲು ನಾಚಿಕೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ತುಟಿಗೆ ನೀರು ಸೋಕಿಸದೆ ಇರುವುದು ಎರಡು ವರ್ಷಗಳಿಂದ ನಡೆದುಬಂದಿತ್ತು. ಮುಟ್ಟಿನ ದಿನಗಳಲ್ಲಿ ಕಾಲೇಜಿಗೇ ಹೋಗುತ್ತಿರಲಿಲ್ಲ. ತಲೆನೋವಿಗೂ ಮಲಬದ್ಧತೆಗೂ ಔಷಧಿ ಬರೆದ ಚೀಟಿಗಳು ಕಡತದಲ್ಲಿದ್ದವು. ನೀರು ಎಷ್ಟು ಕುಡಿಯುತ್ತೀ ಎಂದು ಕೇಳಿದ ದಾಖಲೆ ಇರಲಿಲ್ಲ. ಮಲಬದ್ಧತೆಯೂ ಮೂತ್ರ ತಡೆದುಕೊಳ್ಳುವುದೂ ಸ್ನಾಯುಗಳ ಬಿಗಿತವನ್ನು ಹೆಚ್ಚಿಸಬಲ್ಲವು ಎಂಬುದನ್ನು ನೆನೆದರೆ, ನಾವು ವಾರಕ್ಕೆ ಮೂರು ದಿನ ಸಡಿಲಿಸಲು ಹೆಣಗುತ್ತಿದ್ದ ಬಿಗಿತದ ಒಂದು ಪಾಲಾದರೂ ಆ ಬಾಟಲಿಯಲ್ಲಿತ್ತು.

ಗುರಿಗಳ ಮರುಬರಹ

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಐಸಿಎಫ್ ಚೌಕಟ್ಟು ದೇಹದ ರಚನೆ ಮತ್ತು ಕಾರ್ಯ, ವ್ಯಕ್ತಿ ಮಾಡುವ ಚಟುವಟಿಕೆ, ಬದುಕಿನಲ್ಲಿ ಪಾಲ್ಗೊಳ್ಳುವಿಕೆ, ಸುತ್ತಲಿನ ಪರಿಸರ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕೆನ್ನುತ್ತದೆ. ಈಕೆಯ ಹಳೆಯ ಕಡತವನ್ನು ಆ ಚೌಕಟ್ಟಿನಲ್ಲಿ ಹರಡಿ ನೋಡಿದಾಗ ಮೊದಲ ಅಂಕಣ ಕೀಲುಗಳ ಕೋನಗಳಿಂದ ತುಂಬಿ ತುಳುಕುತ್ತಿತ್ತು, ಉಳಿದವು ಬಹುತೇಕ ಖಾಲಿ. ನಾವು ಸಿಒಪಿಎಂ ಎಂಬ ಸಂದರ್ಶನ ಆಧಾರಿತ ಮಾಪನವನ್ನು ಬಳಸಿದೆವು. 1991ರಲ್ಲಿ ಕೆನಡಾದಲ್ಲಿ ಮೊದಲು ಪ್ರಕಟವಾದ ಈ ಮಾಪನದಲ್ಲಿ ತನಗೆ ಮುಖ್ಯವೆನಿಸಿದ ಕೆಲಸಗಳನ್ನು ವ್ಯಕ್ತಿಯೇ ಹೆಸರಿಸಿ, ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಿಂದ ಎಷ್ಟು ತೃಪ್ತಿಯಿದೆ ಎಂದು 1ರಿಂದ 10ರೊಳಗೆ ಅಂಕ ಕೊಡಬೇಕು.

ಆಕೆ ಮೂರು ಕೆಲಸಗಳನ್ನು ಆರಿಸಿದಳು. ಕಾಲೇಜಿನ ಶೌಚಾಲಯವನ್ನು ಒಬ್ಬಳೇ ಬಳಸುವುದು: ನಿರ್ವಹಣೆ 2, ತೃಪ್ತಿ 1. ಮೊದಲ ತರಗತಿಗೆ ಬಳಲದೆ ವೇಳೆಗೆ ಸರಿಯಾಗಿ ತಲುಪುವುದು: 3 ಮತ್ತು 2. ವೈದ್ಯರೊಂದಿಗೆ ತಾನೇ ಮಾತನಾಡುವುದು: 4 ಮತ್ತು 3. ‘ಚೆನ್ನಾಗಿ ನಡೆಯುವುದು’ ಪಟ್ಟಿಯಲ್ಲಿ ಇರಲಿಲ್ಲ. ತಂದೆಗೆ ಕೇಳಿದರೆ ಅದೊಂದೇ ಇರುತ್ತಿತ್ತು.

ಗೇಟಿನಿಂದ ತರಗತಿಯವರೆಗಿನ 280 ಮೀಟರ್ ದೂರವನ್ನು ವಾಕರ್ ಹಿಡಿದು ಕ್ರಮಿಸಲು ಆಕೆಗೆ, ನಡುವೆ ನಿಂತು ಸುಧಾರಿಸಿಕೊಳ್ಳುವುದೂ ಸೇರಿ, 19 ನಿಮಿಷ ಬೇಕಾಗುತ್ತಿತ್ತು. ಮೊಣಕಾಲು ಮಡಚಿಕೊಂಡು ನಡೆಯುವಾಗ ತೊಡೆಯ ಸ್ನಾಯುಗಳಿಗೆ ಕ್ಷಣವೂ ಬಿಡುವಿರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವವರು ಅಷ್ಟೇ ದೂರ ನಡೆಯಲು ಇತರರಿಗಿಂತ ಎರಡು ಮೂರು ಪಟ್ಟು ಶಕ್ತಿ ವ್ಯಯಿಸುವುದುಂಟು. ಮೊದಲ ತರಗತಿಯ ಅರ್ಧ ಭಾಗ ಕಿವಿಗೇ ಬೀಳುವುದಿಲ್ಲ ಎಂದು ಆಕೆ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅಳತೆಗೆ ಸರಿಹೊಂದಿಸಿದ ಹಗುರ ಗಾಲಿಕುರ್ಚಿಯಲ್ಲಿ, ತಾನೇ ತಳ್ಳಿಕೊಂಡು, ಅದೇ ದೂರಕ್ಕೆ ಆಕೆ 6 ನಿಮಿಷ ತೆಗೆದುಕೊಂಡಳು.

ತಂದೆ ಅದನ್ನು ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದರು. ಇದನ್ನು ತಿಳಿವಳಿಕೆಯ ಕೊರತೆ ಎಂದು ಬದಿಗಿಡುವುದು ಸುಲಭ, ಆದರೆ ಅನ್ಯಾಯ. ನಡೆದೇ ತೀರುತ್ತಾಳೆ ಎಂಬ ಭರವಸೆಯನ್ನು ಅವರಿಗೆ ಹತ್ತು ವರ್ಷ ಕೊಟ್ಟವರು ನಮ್ಮಂಥವರೇ. ಮಕ್ಕಳ ಚಲನೆಯ ಸಾಮರ್ಥ್ಯವನ್ನು ವರ್ಷಾನುಗಟ್ಟಲೆ ಅನುಸರಿಸಿ 2009ರಲ್ಲಿ ಪ್ರಕಟಿಸಿದ ರೇಖಾಚಿತ್ರಗಳನ್ನು ಅವರ ಮುಂದಿಟ್ಟೆವು. 1 ಮತ್ತು 2ನೇ ಹಂತದವರ ರೇಖೆ ಏರಿ ಸಮತಟ್ಟಾಗಿ ಉಳಿಯುತ್ತದೆ. 3ನೇ ಹಂತದವರದು 8ರ ಆಸುಪಾಸಿನಲ್ಲಿ ತುದಿ ಮುಟ್ಟಿ, ಹದಿಹರೆಯದಲ್ಲಿ ಸ್ವಲ್ಪ ಇಳಿಯುತ್ತದೆ. ಮಗಳು ಸೋಮಾರಿಯಾಗಿದ್ದರಿಂದ ನಡಿಗೆ ಕುಗ್ಗಿಲ್ಲ ಎಂಬುದು ಅವರಿಗೆ ಆ ರೇಖೆಯಲ್ಲಿ ಕಂಡಿತು. ಗಾಲಿಕುರ್ಚಿಗೆ ಒಪ್ಪಿದರು, ಮನೆಯೊಳಗೆ ಮಾತ್ರ ವಾಕರ್ ಎಂಬ ಷರತ್ತಿನೊಂದಿಗೆ. ಷರತ್ತಿಗೆ ಹುಡುಗಿಯೂ ಒಪ್ಪಿದಳು.

ಶೌಚಾಲಯದ ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ ನೋಡಿದೆವು. ಕುರ್ಚಿಯ ಬ್ರೇಕು ಹಾಕಬೇಕು, ಕಂಬಿ ಹಿಡಿದು ಏಳಬೇಕು, ತಿರುಗಬೇಕು, ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬಟ್ಟೆ ಸರಿಸಬೇಕು, ಕೂರಬೇಕು. ಮತ್ತೆ ಎಲ್ಲವೂ ಹಿಮ್ಮುಖವಾಗಿ. ಬಟ್ಟೆ ಸರಿಸಲು ಆಕೆಗೆ 40 ಸೆಕೆಂಡು ಬೇಕು. ಒಂದು ಕೈ ಹಿಡಿದು ನಿಲ್ಲಲು ಆಗುತ್ತಿದ್ದುದು 14 ಸೆಕೆಂಡು. ಇಡೀ ಸಮಸ್ಯೆ ಆ 26 ಸೆಕೆಂಡುಗಳ ಅಂತರದಲ್ಲಿತ್ತು. ಕಾಲೇಜಿಗೆ ಹೋಗಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಗೋಡೆಗೆ ಹಿಡಿಕಂಬಿ ಹಾಕಿಸಿದ್ದರು, ಆದರೆ ಬಲಗಡೆಗೆ. ಆಕೆಗೆ ಗಟ್ಟಿ ಹಿಡಿತ ಇರುವುದು ಎಡಗೈಯಲ್ಲಿ. ಸೌಲಭ್ಯ ಕಲ್ಪಿಸಲಾಗಿದೆ ಎಂಬ ದಾಖಲೆ ಅಲ್ಲಿ ಸುಳ್ಳಾಗಿರಲಿಲ್ಲ, ಅವಳ ಪಾಲಿಗೆ ಮಾತ್ರ ಅದು ಇಲ್ಲದಂತೆಯೇ ಇತ್ತು.

ಎಡಗಡೆಗೂ ಕಂಬಿ ಬಂತು, ಸೊಂಟಕ್ಕೆ ಎಲಾಸ್ಟಿಕ್ ಇರುವ ಬಟ್ಟೆ ಬಂತು. ಮುಂದಿನ 12 ವಾರಗಳ ವ್ಯಾಯಾಮ ಪೂರ್ತಿ ಆ ಒಂದು ಕೆಲಸದ ಸುತ್ತ ನಡೆಯಿತು: ಕೂತಲ್ಲಿಂದ ಏಳುವುದು, ಆಸನದ ಎತ್ತರವನ್ನು ವಾರವಾರಕ್ಕೆ ತಗ್ಗಿಸುತ್ತ ಹೋಗುವುದು, ಒಂದೇ ಕೈಯ ಆಸರೆಯಲ್ಲಿ ನಿಂತು ಇನ್ನೊಂದು ಕೈಯಲ್ಲಿ ಏನಾದರೂ ಮಾಡುವುದು. ವಾರಕ್ಕೊಂದು ಅಭ್ಯಾಸ ಕಾಲೇಜಿನ ಅದೇ ಶೌಚಾಲಯದಲ್ಲಿ, ತರಗತಿಗಳು ಮುಗಿದ ಮೇಲೆ. ಬೇರೆಯವರು ಕಾಲನ್ನು ಎಳೆದು ಹಿಗ್ಗಿಸುವುದಕ್ಕಿಂತ, ವ್ಯಕ್ತಿ ತಾನೇ ಆರಿಸಿದ ಕೆಲಸವನ್ನು ಅದು ನಡೆಯುವ ಜಾಗದಲ್ಲೇ ಅಭ್ಯಾಸ ಮಾಡುವುದರಿಂದ ಹೆಚ್ಚು ಫಲ ಎಂಬುದು ಈ ಕ್ಷೇತ್ರದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ‘ಸಹಕರಿಸದ’ ಹುಡುಗಿ ಈ 12 ವಾರಗಳಲ್ಲಿ ಒಂದು ಸಲ ಮಾತ್ರ ತಪ್ಪಿಸಿದಳು, ಅದೂ ಜ್ವರ ಬಂದಾಗ. ಕೊನೆಗೆ ಆಕೆ 52 ಸೆಕೆಂಡು ನಿಂತಳು.

ನಾವು ಎಡವಿದ ಐದು ತಿಂಗಳು

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖಾಂತ್ಯದ ಪ್ರಕರಣವಾಗುತ್ತಿತ್ತು. ನಾಲ್ಕನೆಯ ತಿಂಗಳಿನಿಂದ ಹುಡುಗಿ ಮನೆಯಲ್ಲೂ ಗಾಲಿಕುರ್ಚಿಯಲ್ಲೇ ಇರತೊಡಗಿದಳು. ವಾಕರ್ ಮೂಲೆ ಸೇರಿತು. ರಾತ್ರಿಯ ಸ್ಪ್ಲಿಂಟಿನಿಂದ ನಿದ್ದೆ ಕೆಡುತ್ತದೆಂದು ಬಿಟ್ಟಳು, ಪರೀಕ್ಷೆಗೆ ಓದಬೇಕೆಂದು ವ್ಯಾಯಾಮ ಬಿಟ್ಟಳು. ನಾವು ಆಕ್ಷೇಪಿಸಲಿಲ್ಲ. ಇಷ್ಟು ವರ್ಷ ಯಾರೂ ಕೇಳದ ಮಾತನ್ನು ಕೇಳಿದ್ದೇವೆಂಬ ಸಮಾಧಾನದಲ್ಲಿ, ‘ರೋಗಿಯ ಆಯ್ಕೆ’ ಎಂದು ಕಡತದಲ್ಲಿ ಬರೆದು ಮುಂದೆ ಸಾಗಿದೆವು. ತಂದೆ ಎರಡು ಸಲ ಫೋನ್ ಮಾಡಿ ಆತಂಕ ತೋಡಿಕೊಂಡಾಗ, ಹಳೆಯ ಹಟ ಇನ್ನೂ ಬಿಟ್ಟಿಲ್ಲವೆಂದು ನಮ್ಮೊಳಗೇ ಅಂದುಕೊಂಡೆವು.

ಎಂಟನೆಯ ತಿಂಗಳಲ್ಲಿ ಆಕೆ ಕಾಲೇಜಿನ ಶೌಚಾಲಯದಲ್ಲಿ ಬಿದ್ದಳು. ಮೂಳೆ ಮುರಿಯಲಿಲ್ಲ, ಮಣಿಕಟ್ಟು ಉಳುಕಿತು. ಪರೀಕ್ಷಿಸಿದಾಗ ಬಲ ಮೊಣಕಾಲು ನೇರವಾಗಲು 20 ಡಿಗ್ರಿ, ಎಡದ್ದು 17 ಡಿಗ್ರಿ ಕಡಿಮೆ ಬೀಳುತ್ತಿತ್ತು. ದಿನವಿಡೀ ಮಡಚಿ ಕೂತ ಮೊಣಕಾಲಿನ ಹಿಂದಿನ ಸ್ನಾಯುಗಳು ಆ ಉದ್ದಕ್ಕೇ ಹೊಂದಿಕೊಂಡಿದ್ದವು. ಅಷ್ಟು ಮಡಚಿದ ಕಾಲುಗಳ ಮೇಲೆ ಒಂದು ಕೈಯ ಆಸರೆಯಲ್ಲಿ ಆಕೆ ನಿಲ್ಲಲಾಗುತ್ತಿದ್ದುದು 22 ಸೆಕೆಂಡು. ವಾಕರ್ ಬಿಟ್ಟದ್ದರಿಂದ ಆಕೆ ಕಳೆದುಕೊಂಡದ್ದು ತನಗೆ ಬೇಡವಾಗಿದ್ದ ನಡಿಗೆಯನ್ನಷ್ಟೇ ಅಲ್ಲ, ತಾನೇ ಎಲ್ಲಕ್ಕಿಂತ ಮೇಲೆ ಇಟ್ಟಿದ್ದ ಗುರಿಯನ್ನೂ ಎಂಬುದು ಆಗ ಸ್ಪಷ್ಟವಾಯಿತು.

“ಹೀಗಾಗುತ್ತದೆ ಅಂತ ನೀವು ನನಗೆ ಹೇಳಲೇ ಇಲ್ಲವಲ್ಲ” ಎಂದು ಆಕೆ ಕೇಳಿದಳು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಿಲ್ಲುವ ಸಾಮರ್ಥ್ಯ ಉಳಿಯಬೇಕಾದರೆ ಮೊಣಕಾಲು ಎಷ್ಟು ನೇರವಾಗಿರಬೇಕು, ದಿನಕ್ಕೆ ಎಷ್ಟು ಹೊತ್ತು ಕಾಲಿನ ಮೇಲೆ ಭಾರ ಬೀಳಬೇಕು, ಬಿಟ್ಟರೆ ಎಷ್ಟು ತಿಂಗಳಲ್ಲಿ ಏನಾಗಬಹುದು ಎಂಬುದು ನಮಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವಳು ಮಾಡಿದ ಆಯ್ಕೆಯನ್ನು ಗೌರವಿಸಿದೆವೆಂದು ಹೇಳಿಕೊಳ್ಳುವುದು ಜವಾಬ್ದಾರಿಯನ್ನು ಆಕೆಯ ತಲೆಗೆ ಕಟ್ಟಿ ಕೈತೊಳೆದುಕೊಂಡಂತೆ. ಹಿಂದಿನವರು ಆಕೆಯನ್ನು ಕೇಳದೆ ಹೇಳಿದ್ದರು. ನಾವು ಹೇಳದೆ ಕೇಳಿದ್ದೆವು. ತಂದೆಯ ಆತಂಕವನ್ನು ಹಟವೆಂದು ತಳ್ಳಿಹಾಕಿದ್ದು ಇದರ ಜೊತೆಗಿನ ಇನ್ನೊಂದು ತಪ್ಪು.

ಆ ವಾರವೇ ಆಕೆ, ಹೆತ್ತವರು, ಮೂಳೆ ಶಸ್ತ್ರತಜ್ಞರು ಮತ್ತು ನಾವು ಒಟ್ಟಿಗೆ ಕುಳಿತೆವು. ಕಾಗದದ ಮೇಲೆ ಮೊಣಕಾಲಿನ ಚಿತ್ರ ಬರೆದು, ಆಕೆಯದೇ ಅಳತೆಗಳನ್ನು ಅದರ ಪಕ್ಕದಲ್ಲಿ ಗುರುತಿಸಿದೆವು. ದಾರಿಗಳು ಮೂರಿದ್ದವು: ಮೂರು ವಾರ ಪ್ಲಾಸ್ಟರ್ ಕಟ್ಟಿ, ಪ್ರತಿ ವಾರ ಬಿಚ್ಚಿ ಇನ್ನಷ್ಟು ನೇರ ಮಾಡಿ ಮತ್ತೆ ಕಟ್ಟುವುದು, ಶಸ್ತ್ರಚಿಕಿತ್ಸೆ, ಅಥವಾ ನಿಂತು ಮಾಡುವ ಕೆಲಸವನ್ನೇ ಬಿಟ್ಟು, ಕುರ್ಚಿಯಿಂದ ಆಸನಕ್ಕೆ ಜಾರಿ ಕೂರುವ ವಿಧಾನ ಕಲಿಯುವುದು. ಇಂಥ ಪ್ಲಾಸ್ಟರಿನ ಉಪಯೋಗಕ್ಕೆ ಹೆಚ್ಚಿನ ಪುರಾವೆ ಇರುವುದು ಪಾದದ ಕೀಲಿನ ವಿಷಯದಲ್ಲಿ, ಮೊಣಕಾಲಿನ ವಿಷಯದಲ್ಲಿ ಅಷ್ಟಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಮೂರು ಪ್ರಶ್ನೆ ಕೇಳಿದಳು: ನೋಯುತ್ತದೆಯೇ, ಪರೀಕ್ಷೆಗೆ ಅಡ್ಡಿಯಾಗುತ್ತದೆಯೇ, ಆಮೇಲೆ ನಾನು ಏನೂ ಮಾಡದಿದ್ದರೆ ಮತ್ತೆ ಹೀಗೇ ಆಗುತ್ತದೆಯೇ. ಮೂರನೆಯದಕ್ಕೆ ಹೌದು ಎಂದೆವು.

ರಜೆಯಲ್ಲಿ ಪ್ಲಾಸ್ಟರ್ ಎಂದು ಆಕೆಯೇ ತೀರ್ಮಾನಿಸಿದಳು. ಆನಂತರದ ಕ್ರಮದಲ್ಲಿ ಚೌಕಾಶಿ ನಡೆಯಿತು. ರಾತ್ರಿ ಸ್ಪ್ಲಿಂಟು ಬೇಡ, ಸಂಜೆ ಎರಡು ಗಂಟೆ ಹಾಕಿಕೊಳ್ಳುತ್ತೇನೆ. ನಿಲ್ಲುವ ಸ್ಟ್ಯಾಂಡಿನಲ್ಲಿ ದಿನಕ್ಕೆ 40 ನಿಮಿಷ, ಆದರೆ ಮುಂದೆ ಪುಸ್ತಕ ಇಡುವ ಹಲಗೆ ಬೇಕು. ವಾಕರ್ ಅಡುಗೆಮನೆಗೂ ಬಚ್ಚಲಿಗೂ ಮಾತ್ರ. ನಮಗೆ ಬೇಕಾದಷ್ಟು ಇದಾಗಿರಲಿಲ್ಲ. ಆದರೆ ನಡೆಯಬಹುದಾದಷ್ಟು ಇದು.

ಹದಿನಾಲ್ಕನೆಯ ತಿಂಗಳು

ಮೊಣಕಾಲಿನ ಕೊರತೆ ಬಲಕ್ಕೆ 9, ಎಡಕ್ಕೆ 8 ಡಿಗ್ರಿಗೆ ಇಳಿದಿದೆ. ಒಂದು ಕೈಯ ಆಸರೆಯಲ್ಲಿ ಆಕೆ ಮತ್ತೆ 50 ಸೆಕೆಂಡು ದಾಟಿದ್ದಾಳೆ. ಸೊಂಟದ ಎಕ್ಸ್‌ರೇಯಲ್ಲಿ ಬದಲಾವಣೆಯಿಲ್ಲ. ಒಟ್ಟು ಚಲನೆಯ ಸಾಮರ್ಥ್ಯವನ್ನು ಅಳೆಯುವ ಜಿಎಂಎಫ್‌ಎಂ-66 ಅಂಕ 51ರಿಂದ 50ಕ್ಕೆ ಇಳಿದಿದೆ. ಈ ಒಂದು ಅಂಕಿಯನ್ನಷ್ಟೇ ನೋಡುವವರು ವರ್ಷವಿಡೀ ಏನೂ ಆಗಲಿಲ್ಲ ಎನ್ನಬಹುದು. ಸಿಒಪಿಎಂನಲ್ಲಿ ಶೌಚಾಲಯದ ನಿರ್ವಹಣೆ 2ರಿಂದ 7ಕ್ಕೆ, ತೃಪ್ತಿ 1ರಿಂದ 8ಕ್ಕೆ ಏರಿವೆ. ತರಗತಿ ತಲುಪುವುದು 3ರಿಂದ 8ಕ್ಕೆ, ತೃಪ್ತಿ 2ರಿಂದ 9ಕ್ಕೆ. ಎರಡು ಅಂಕಗಳ ಏರಿಕೆಯನ್ನೇ ಗಣನೀಯವೆಂದು ಪರಿಗಣಿಸುವ ಮಾಪನವಿದು. ತಲೆನೋವಿನ ಔಷಧಿ ನಿಂತಿದೆ. ಮುಟ್ಟಿನ ದಿನಗಳಲ್ಲಿ ಕಾಲೇಜು ತಪ್ಪುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಮಗಳನ್ನು ಎತ್ತಿ ಕೂರಿಸುವುದು ತಪ್ಪಿದ ಮೇಲೆ ತಾಯಿಯ ಬೆನ್ನುನೋವು ಹತೋಟಿಗೆ ಬಂದಿದೆ. ಅದನ್ನು ನಾವು ಮೊದಲ ಭೇಟಿಯಲ್ಲಿ ಕೇಳಿಯೇ ಇರಲಿಲ್ಲ.

ಮೂರನೆಯ ಗುರಿ ಅಷ್ಟು ಕೈಗೂಡಲಿಲ್ಲ. ವೈದ್ಯರೊಂದಿಗೆ ಮಾತನಾಡುವ ನಿರ್ವಹಣೆಗೆ ಆಕೆ 6 ಕೊಟ್ಟಳು, ತೃಪ್ತಿಗೆ ಬರೀ 4. ತನ್ನ ಬಗ್ಗೆ ಒಂದು ಪುಟ ಬರೆದುಕೊಂಡು ಬರುತ್ತಾಳೆ, ಹೇಳಬೇಕಾದ್ದನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಾಳೆ. ಆದರೂ ಎದುರಿನವರ ಕಣ್ಣು ತಾಯಿಯ ಕಡೆಗೇ ಹೊರಳುತ್ತದೆ. “ನಾನು ಅಭ್ಯಾಸ ಮಾಡಿದ್ದೇನೆ, ಅವರು ಮಾಡಿಲ್ಲ” ಎಂಬುದು ಆಕೆ ಕೊಟ್ಟ ವಿವರಣೆ. ವಿಭಾಗದ ಭೇಟಿಯ ನಮೂನೆಯಲ್ಲಿ ‘ಮಾಹಿತಿ ನೀಡಿದವರು’ ಎಂಬ ಅಂಕಣದ ಮೊದಲ ಆಯ್ಕೆಯಾಗಿ ರೋಗಿಯನ್ನೇ ಇಟ್ಟಿದ್ದೇವೆ, ಭೇಟಿಯ ಅವಧಿಯನ್ನು ಹತ್ತು ನಿಮಿಷ ಹೆಚ್ಚಿಸಿದ್ದೇವೆ. ಆಕೆಗೆ 18 ತುಂಬಿದಾಗ ವಯಸ್ಕರ ವಿಭಾಗಕ್ಕೆ ವರ್ಗಾವಣೆಯಾಗಬೇಕು. ಅಲ್ಲಿ ಈ ಕ್ರಮ ಇನ್ನೂ ಬಂದಿಲ್ಲ, ಮೊದಲ ಭೇಟಿಗೆ ನಮ್ಮವರೊಬ್ಬರು ಜೊತೆಗೆ ಹೋಗುವುದೆಂದು ಸದ್ಯಕ್ಕೆ ಗೊತ್ತುಮಾಡಿದ್ದೇವೆ.

ಶಸ್ತ್ರಚಿಕಿತ್ಸೆಯ ಪ್ರಶ್ನೆ ಇತ್ಯರ್ಥವಾಗಿಲ್ಲ. ಮೊಣಕಾಲು 15 ಡಿಗ್ರಿ ದಾಟಿದರೆ ಮತ್ತೆ ಕುಳಿತು ಮಾತನಾಡುವುದೆಂದು ಬರೆದಿಟ್ಟಿದ್ದೇವೆ. ಆ ಮಿತಿಯನ್ನು ಆಕೆಯೂ ತನ್ನ ಪುಟದಲ್ಲಿ ಬರೆದುಕೊಂಡಿದ್ದಾಳೆ. ಮುಂದಿನ ತಪಾಸಣೆಯ ದಿನ ಕಾಲೇಜಿನಲ್ಲಿ ಕಿರುಪರೀಕ್ಷೆ ಇರುವುದರಿಂದ ಭೇಟಿಯನ್ನು ಫೋನಿನಲ್ಲೇ ಮುಗಿಸಬಹುದೇ ಎಂದು ಆಕೆ ಕೇಳಿದ್ದಾಳೆ. ಕೀಲಿನ ಅಳತೆ ಮತ್ತು ಎಕ್ಸ್‌ರೇ ಫೋನಿನಲ್ಲಿ ಆಗುವುದಿಲ್ಲವೆಂದು ಕಾರಣ ಸಮೇತ ತಿಳಿಸಿ, ಅವೆರಡನ್ನು ನಂತರದ ಶನಿವಾರಕ್ಕೆ ಇಟ್ಟುಕೊಂಡು, ಉಳಿದದ್ದಕ್ಕೆ ಒಪ್ಪಿದ್ದೇವೆ.